ಮೀಸೆಯವನನ್ನು ಓಡಿಸಿದ ಮಕ್ಕಳು

ಕಪ್ಪು ಬಿಳುಪಿನ ಒಂದು ಚಿಕ್ಕ ಫಿಲ್ಮ್ ತುಣುಕು. ವೇದಿಕೆಯ ಮೇಲೆ ಸಾಲುಗಟ್ಟಿ ನಿಂತ ಮಕ್ಕಳು ಬಾಯ್ತುಂಬ ಹಾಡುತ್ತಿದ್ದಾರೆ. ಕೆಲವರು ತೀರಾ ಪುಟಾಣಿಗಳು. ಗೊತ್ತಿಲ್ಲದವರು ನೋಡಿದರೆ ಯಾವುದೋ ಶಾಲೆಯ ವಾರ್ಷಿಕೋತ್ಸವ ಅಂದುಕೊಳ್ಳಬೇಕು, ಹಾಗಿದೆ. ಇದನ್ನು ಚಿತ್ರಿಸಿದ್ದು 1944ರ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ, ಪ್ರಾಗ್ ನಗರದಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ದೂರದ ಟೆರೆಜಿನ್ ಎಂಬ ಊರಿನಲ್ಲಿ. ಅಲ್ಲಿಂದ ಎರಡು ತಿಂಗಳು ಕಳೆಯುವುದರೊಳಗೆ ಆ ಮಕ್ಕಳಲ್ಲಿ ಬಹುಪಾಲು ಜನ ಆಶ್ವಿಟ್ಜ್‌ಗೆ ಹೋಗುವ ರೈಲು ಹತ್ತಿಯಾಗಿತ್ತು.

ನಾನು ಈ ತುಣುಕನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಒಂದೇ ಪ್ರಶ್ನೆ. ಈ ಹಾಡನ್ನು ಖುಷಿ ಅಂತ ನೋಡಬೇಕೋ, ಮೋಸ ಅಂತ ನೋಡಬೇಕೋ?

ಇಲ್ಲಿಗೆ ನಾನು ಬಂದದ್ದು ಇನ್ನೊಂದು ನಾಟಕದ ದಾರಿಯಲ್ಲಿ. ಅಮೆರಿಕದ ಸೆಲೆಸ್ಟ್ ರಾಸ್ಪಾಂಟಿ ಎಂಬಾಕೆ ಬರೆದ 'ಐ ನೆವರ್ ಸಾ ಅನದರ್ ಬಟರ್‌ಫ್ಲೈ' ಅಂತ ಒಂದು ನಾಟಕವಿದೆ. ಅಲ್ಲಿನ ಶಾಲೆಗಳಲ್ಲಿ, ಹದಿಹರೆಯದವರ ರಂಗತಂಡಗಳಲ್ಲಿ ಇದನ್ನು ಮತ್ತೆ ಮತ್ತೆ ಆಡುತ್ತಾರೆ. ಟೆರೆಜಿನ್ನಿನಿಂದ ಬದುಕಿ ಬಂದ ರಾಯಾ ಎಂಬ ಹುಡುಗಿಯ ಕಥೆ. ರಾಯಾ ಎಂಗ್ಲಾಂಡೆರೋವಾ ನಿಜವಾಗಿ ಇದ್ದವಳು, ನಿಜವಾಗಿಯೂ ಬದುಕುಳಿದವಳು. ನಾಟಕದಲ್ಲಿ ಒಬ್ಬ ಟೀಚರ್ ಬರುತ್ತಾಳೆ, ಮಕ್ಕಳಿಂದ ಚಿತ್ರ ಬರೆಸುತ್ತಾಳೆ, ಕವಿತೆ ಬರೆಸುತ್ತಾಳೆ. ಕೊನೆಗೆ ಆ ಕಾಗದಗಳು ಉಳಿಯುತ್ತವೆ, ಮಕ್ಕಳು ಉಳಿಯುವುದಿಲ್ಲ. ಮೊದಲ ಸಲ ಓದಿದಾಗ ಚೆನ್ನಾಗಿ ಅತ್ತೆ. ಎರಡನೇ ಸಲ ಓದುವಾಗ ಯಾಕೋ ಇರುಸುಮುರುಸು ಶುರುವಾಯಿತು. ಕಲೆ ಸಾವನ್ನು ಗೆಲ್ಲುತ್ತದೆ, ಭರವಸೆ ಸಾಯುವುದಿಲ್ಲ... ಇಂಥ ಮಾತುಗಳನ್ನು ಬದುಕಿರುವ ನಾವು ಎಷ್ಟು ಸಲೀಸಾಗಿ ಆಡಿಬಿಡುತ್ತೇವಲ್ಲ ಅಂತ. ಹಾಗಾಗಿ ಆ ಮಕ್ಕಳು ಸ್ವತಃ ಆಡಿದ ನಾಟಕ ಯಾವುದು ಅಂತ ಹುಡುಕಲು ಹೊರಟೆ. ಸಿಕ್ಕಿದ್ದು 'ಬ್ರುಂಡಿಬಾರ್'.

ಬ್ರುಂಡಿಬಾರ್ ಅಂದರೆ ಚೆಕ್ ಆಡುಮಾತಿನಲ್ಲಿ ದುಂಬಿ. ಮಕ್ಕಳಿಗಾಗಿ ಬರೆದ ಸಣ್ಣ ಸಂಗೀತ ನಾಟಕ, ಒಂದು ಗಂಟೆಯೂ ಆಗುವುದಿಲ್ಲ. ಕಥೆ ಸರಳ. ಅಪ್ಪ ಇಲ್ಲದ ಅಣ್ಣ-ತಂಗಿ, ಪೆಪಿಚೆಕ್ ಮತ್ತು ಅನಿಂಕಾ. ಅಮ್ಮನಿಗೆ ಕಾಯಿಲೆ, ಹಾಲು ಕುಡಿಸಬೇಕು ಅಂತ ಡಾಕ್ಟರು ಹೇಳಿದ್ದಾರೆ, ಕೈಯಲ್ಲಿ ಕಾಸಿಲ್ಲ. ಸಂತೆಯಲ್ಲಿ ಬ್ರುಂಡಿಬಾರ್ ಎಂಬ ಮೀಸೆಯವನು ಕೈಯಲ್ಲಿ ತಿರುಗಿಸುವ ಪೆಟ್ಟಿಗೆ ವಾದ್ಯ ನುಡಿಸಿ ದುಡ್ಡು ಗಳಿಸುವುದನ್ನು ನೋಡಿ ಇವರೂ ಹಾಡಲು ನಿಲ್ಲುತ್ತಾರೆ. ಅವನು ಗದರಿ ಓಡಿಸುತ್ತಾನೆ. ರಾತ್ರಿ ಒಂದು ಗುಬ್ಬಿ, ಒಂದು ಬೆಕ್ಕು, ಒಂದು ನಾಯಿ ಬಂದು ಧೈರ್ಯ ಹೇಳುತ್ತವೆ. ಬೆಳಗಾದ ಮೇಲೆ ಊರಿನ ಮಕ್ಕಳೆಲ್ಲ ಸೇರಿ ಹಾಡುತ್ತಾರೆ, ಟೋಪಿ ತುಂಬ ಕಾಸು ಬೀಳುತ್ತದೆ. ಬ್ರುಂಡಿಬಾರ್ ಅದನ್ನು ಕದ್ದು ಓಡುತ್ತಾನೆ. ಎಲ್ಲರೂ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾರೆ, ಆಮೇಲೆ ಗೆಲುವಿನ ಹಾಡು. ಬೀದಿಯ ವಾದ್ಯಗಾರ, ಹಿಂದೆ ಓಡುವ ಮಕ್ಕಳು ಅಂದ ಕೂಡಲೇ ನಮಗೆ ಕಿಂದರಿಜೋಗಿ ನೆನಪಾಗುತ್ತಾನೆ. ಇಲ್ಲಿ ತಿರುವುಮುರುವು, ವಾದ್ಯಗಾರನೇ ದಿಕ್ಕಾಪಾಲಾಗಿ ಓಡುತ್ತಾನೆ.

ಸಂಗೀತ ಹಾನ್ಸ್ ಕ್ರಾಸಾ ಅವರದು, ಮಾತು ಹಾಡುಗಳು ಅಡೋಲ್ಫ್ ಹಾಫ್‌ಮೈಸ್ಟರ್ ಅವರದು. ಕ್ರಾಸಾ 1899ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ, ಜರ್ಮನ್ ಮಾತಾಡುವ ಮನೆತನದ ಸಂಗೀತಗಾರ. 1938ರಲ್ಲಿ ಮಕ್ಕಳ ಸಂಗೀತ ನಾಟಕದ ಸ್ಪರ್ಧೆಯೊಂದಕ್ಕೆ ಅಂತ ಇಬ್ಬರೂ ಸೇರಿ ಇದನ್ನು ಬರೆದರು. 1939ರ ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ಪ್ರಾಗ್‌ಗೆ ಬಂತು, ಸ್ಪರ್ಧೆಯ ಕಥೆ ಅಲ್ಲಿಗೆ ಮುಗಿಯಿತು. ಹಾಫ್‌ಮೈಸ್ಟರ್ ದೇಶ ಬಿಟ್ಟರು. ಯಹೂದಿಗಳಿಗೆ ಶಾಲೆ, ನಾಟಕಶಾಲೆ, ಪಾರ್ಕು ಎಲ್ಲಕ್ಕೂ ಬಾಗಿಲು ಮುಚ್ಚಿತು. ಆದರೂ 1942-43ರ ಚಳಿಗಾಲದಲ್ಲಿ ಪ್ರಾಗ್‌ನ ಯಹೂದಿ ಅನಾಥಾಲಯದ ಹುಡುಗರು ಗುಟ್ಟಾಗಿ ಇದನ್ನು ಆಡಿದರು. ಅಷ್ಟು ಹೊತ್ತಿಗೆ ಕ್ರಾಸಾ ಟೆರೆಜಿನ್ನಿನಲ್ಲಿದ್ದರು, 1942ರ ಆಗಸ್ಟ್‌ನಲ್ಲೇ ಅವರನ್ನು ಸಾಗಿಸಿ ಆಗಿತ್ತು. ತಮ್ಮ ನಾಟಕದ ಮೊದಲ ಪ್ರದರ್ಶನವನ್ನು ಅವರು ನೋಡಲಿಲ್ಲ.

ಟೆರೆಜಿನ್ ಬಗ್ಗೆ ಸ್ವಲ್ಪ ಹೇಳಬೇಕು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಎರಡನೇ ಜೋಸೆಫ್ ಚಕ್ರವರ್ತಿ ತನ್ನ ತಾಯಿ ಮರಿಯಾ ತೆರೇಸಾಳ ಹೆಸರಿನಲ್ಲಿ ಕಟ್ಟಿಸಿದ ಕೋಟೆಯೂರು ಅದು. ಯುದ್ಧಕ್ಕೆ ಮುಂಚೆ ಸೈನಿಕರೂ ಊರವರೂ ಸೇರಿ ಏಳು ಸಾವಿರದಷ್ಟು ಜನ ಇದ್ದರು. 1941ರ ನವೆಂಬರ್‌ನಲ್ಲಿ ನಾಜಿಗಳು ಅದನ್ನು ಯಹೂದಿಗಳನ್ನು ಕೂಡಿಡುವ ಊರು ಮಾಡಿದರು. 1942ರ ಸೆಪ್ಟೆಂಬರ್‌ನಲ್ಲಿ ಅಲ್ಲಿದ್ದವರು 58,000ಕ್ಕೂ ಹೆಚ್ಚು! ಯುದ್ಧ ಮುಗಿಯುವವರೆಗೆ ಒಟ್ಟು 1,40,000ಕ್ಕೂ ಹೆಚ್ಚು ಜನರನ್ನು ಅಲ್ಲಿಗೆ ತಂದರು. ಹಸಿವು, ಟೈಫಸ್, ಮುಪ್ಪುಗಳಿಂದ ಸುಮಾರು 33,000 ಜನ ಅಲ್ಲೇ ಸತ್ತರು. ಸುಮಾರು 88,000 ಜನರನ್ನು ಅಲ್ಲಿಂದ ಪೂರ್ವಕ್ಕೆ ಸಾಗಿಸಿದರು. ಇದು ಗ್ಯಾಸ್ ಕೋಣೆಗಳಿದ್ದ ಕ್ಯಾಂಪ್ ಅಲ್ಲ, ಸಾವಿನ ರೈಲಿಗೆ ಕಾಯುವ ಪ್ಲಾಟ್‌ಫಾರಂ ಅನ್ನಬಹುದು. ಮಕ್ಕಳಿಗೆ ಪಾಠ ಹೇಳುವುದು ನಿಷಿದ್ಧ. ಹಾಡು, ಚಿತ್ರ, ಆಟಕ್ಕೆ ಅಡ್ಡಿಯಿಲ್ಲ. ಆ ಸಂದಿಯಲ್ಲೇ ದೊಡ್ಡವರು ಗಣಿತವನ್ನೂ ಇತಿಹಾಸವನ್ನೂ ಕದ್ದು ತುರುಕಿದರು.

1943ರ ಜುಲೈಯಲ್ಲಿ ಅನಾಥಾಲಯದ ಹುಡುಗರೂ ಟೆರೆಜಿನ್ನಿಗೆ ಬಂದರು. ಅವರಿಗೆ ಹಾಡು ಕಲಿಸಿದ್ದ ರುಡೋಲ್ಫ್ ಫ್ರಾಯ್ಡೆನ್‌ಫೆಲ್ಡ್ ತನ್ನ ಸಾಮಾನಿನ ನಡುವೆ ಬ್ರುಂಡಿಬಾರ್‌ನ ಪಿಯಾನೋ ಸ್ವರಲಿಪಿಯನ್ನು ಅಡಗಿಸಿ ತಂದಿದ್ದ. ಕ್ರಾಸಾ ಕೂತು, ಆ ಊರಿನಲ್ಲಿ ಯಾರ್ಯಾರು ಯಾವ್ಯಾವ ವಾದ್ಯ ನುಡಿಸುವವರಿದ್ದಾರೋ ನೋಡಿಕೊಂಡು ಅಷ್ಟಕ್ಕೇ ಸರಿಯಾಗಿ ಸಂಗೀತವನ್ನು ಹೊಸದಾಗಿ ಹೊಂದಿಸಿದರು. ರಂಗಸಜ್ಜಿಕೆ ಮಾಡಿದ್ದು ಫ್ರಾಂಟಿಶೆಕ್ ಜೆಲೆಂಕಾ, ಪ್ರಾಗ್‌ನ ದೊಡ್ಡ ರಂಗಮಂದಿರಗಳಿಗೆ ಕೆಲಸ ಮಾಡಿದ್ದ ವಾಸ್ತುಶಿಲ್ಪಿ. ಅಲ್ಲಿ ಇಲ್ಲಿ ಸಿಕ್ಕಿದ ಹಲಗೆಗಳ ಒಂದು ಬೇಲಿ, ಅದರ ಮೇಲೆ ಗುಬ್ಬಿ, ಬೆಕ್ಕು, ನಾಯಿಯ ಪೋಸ್ಟರು, ಪೋಸ್ಟರಿನಲ್ಲಿ ತಲೆಯ ಜಾಗಕ್ಕೆ ತೂತು. ಪ್ರಾಣಿ ಮಾತಾಡುವಾಗ ಮಗು ಹಿಂದಿನಿಂದ ತೂತಿನಲ್ಲಿ ಮುಖ ತೂರಿಸಬೇಕು! ಇದನ್ನು ಓದಿದಾಗ ನನಗೆ ನಗು ಬಂತು. ಆ ಊರಿನ ಇತಿಹಾಸ ಓದುತ್ತಾ ನಾನು ನಕ್ಕದ್ದು ಅದೊಂದೇ ಸಲ ಇರಬೇಕು.

1943ರ ಸೆಪ್ಟೆಂಬರ್ 23ರಂದು ಮ್ಯಾಗ್ಡೆಬರ್ಗ್ ಬ್ಯಾರಕ್‌ನಲ್ಲಿ ಮೊದಲ ಪ್ರದರ್ಶನ. ಬ್ರುಂಡಿಬಾರ್ ಆಗಿದ್ದವನು ಹೊಂಜಾ ಟ್ರೈಕ್ಲಿಂಗರ್, ಪ್ಲ್‌ಜೆನ್ ಕಡೆಯ ಅನಾಥ ಹುಡುಗ. ಅಂಟಿಸಿದ ಮೀಸೆಯನ್ನು ಸರಿಯಾದ ಹೊತ್ತಿಗೆ ಕುಣಿಸುವುದನ್ನು ಅವನೇ ಕಂಡುಹಿಡಿದುಕೊಂಡಿದ್ದನಂತೆ. ಖಳನಾದರೂ ಊರಿನ ಮಕ್ಕಳಿಗೆಲ್ಲ ಅವನೇ ಹೀರೋ. ಬೆಕ್ಕಿನ ಪಾತ್ರ ಎಲಾ ಸ್ಟೈನ್ ಎಂಬ ಹುಡುಗಿಯದು. ಮುಂದೆ ಎಲಾ ವೈಸ್‌ಬರ್ಗರ್ ಆಗಿ ಅಮೆರಿಕದಲ್ಲಿ ನೆಲೆಸಿದ ಈಕೆ, ಒಂದು ಸಂಗತಿಯನ್ನು ಕೊನೆಯವರೆಗೂ ಹೇಳುತ್ತಿದ್ದರು. ಯಹೂದಿಗಳು ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಂಡಿರಬೇಕು ಎಂಬುದು ಕಟ್ಟಳೆ. ನಾಟಕದ ಹೊತ್ತಿನಲ್ಲಿ ಮಾತ್ರ ಅದನ್ನು ತೆಗೆಯಬಹುದಿತ್ತು. ಅಷ್ಟು ಹೊತ್ತು ತಾವು ಬರೀ ಮಕ್ಕಳು.

ನನಗೆ ಇಡೀ ಕಥೆಯಲ್ಲಿ ಅತ್ಯಂತ ಗಟ್ಟಿಯಾಗಿ ಕಾಣುವುದು ಇದು. ಭರವಸೆ ಅಂದರೆ ನಾಳೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಅಂತ ನಾವು ತಿಳಿದಿರುತ್ತೇವೆ. ಆ ಮಕ್ಕಳಿಗೆ ಸಿಕ್ಕಿದ್ದು ನಾಳೆ ಅಲ್ಲ, ನಕ್ಷತ್ರವಿಲ್ಲದ ಮುಕ್ಕಾಲು ಗಂಟೆ.

ಮೀಸೆಯವನು ಯಾರು ಅನ್ನುವುದು ಯಾರಿಗೂ ವಿವರಿಸಬೇಕಾಗಿರಲಿಲ್ಲ. ನಾಟಕ ಬರೆದಾಗ ಆ ಅರ್ಥ ಇತ್ತೋ ಇಲ್ಲವೋ, ಟೆರೆಜಿನ್ನಿನಲ್ಲಿ ತಾನಾಗಿ ಬಂತು. ಅಲ್ಲಿದ್ದ ಎಮಿಲ್ ಸೌಡೆಕ್ ಎಂಬ ಲೇಖಕ ಕೊನೆಯ ಹಾಡಿನ ಸಾಲುಗಳನ್ನು ಒಂಚೂರು ಬದಲಿಸಿ, ನ್ಯಾಯವನ್ನು ಪ್ರೀತಿಸುವವನೇ ನಮ್ಮ ಗೆಳೆಯ ಎಂಬ ಅರ್ಥ ಬರುವಂತೆ ತಿದ್ದಿದರು. ಕಾವಲಿನವರಿಗೆ ಅದು ತಿಳಿಯಲಿಲ್ಲವೋ, ಸಾಯುವವರು ಏನು ಹಾಡಿಕೊಂಡರೇನು ಅನ್ನಿಸಿತೋ. ಎರಡನೆಯದೇ ಇರಬೇಕು ಅಂತ ನನ್ನ ಗುಮಾನಿ.

ಮಕ್ಕಳಿಗೆ ಏನೂ ಗೊತ್ತಿರಲಿಲ್ಲ, ಪಾಪ ಹಾಡಿಕೊಂಡಿದ್ದರು ಅಂತ ಅಂದುಕೊಳ್ಳಬೇಡಿ. ಮೊದಲ ಪ್ರದರ್ಶನಕ್ಕೆ ಒಂದು ತಿಂಗಳ ಹಿಂದೆ, 1943ರ ಆಗಸ್ಟ್ 24ರಂದು, ಪೋಲೆಂಡಿನ ಬಿಯಾಲಿಸ್ಟೊಕ್ ಊರಿನಿಂದ ಸುಮಾರು 1,200 ಮಕ್ಕಳನ್ನು ಟೆರೆಜಿನ್ನಿಗೆ ತಂದಿದ್ದರು. ಮೈಯಲ್ಲಿ ಮೂಳೆ ಚರ್ಮ ಬಿಟ್ಟು ಏನೂ ಇಲ್ಲ. ಸ್ನಾನಕ್ಕೆ ಅಂತ ಕರೆದೊಯ್ದಾಗ ಆ ಮಕ್ಕಳು ಗ್ಯಾಸ್, ಗ್ಯಾಸ್ ಅಂತ ಕಿರುಚಿಕೊಂಡರು. ಟೆರೆಜಿನ್ನಿನವರಿಗೆ ಆ ಕಿರುಚಾಟ ಪೂರ್ತಿ ಅರ್ಥವಾಗಿರಲಿಕ್ಕಿಲ್ಲ. ಅವರನ್ನು ಬೇರೆಯೇ ಬ್ಯಾರಕ್‌ಗಳಲ್ಲಿ ಇಟ್ಟು, ಯಾರೂ ಹತ್ತಿರ ಸುಳಿಯದಂತೆ ಕಾವಲು ಹಾಕಿದ್ದರು. ಅಂದರೆ ಸೆಪ್ಟೆಂಬರ್ 23ರಂದು ಹೊಂಜಾ ಮೀಸೆ ಕುಣಿಸುತ್ತಿದ್ದಾಗ ಅದೇ ಊರಿನಲ್ಲಿ ಆ ಮಕ್ಕಳೂ ಇದ್ದರು. ಅಕ್ಟೋಬರ್ 5ರಂದು ಅವರನ್ನು 53 ಜನ ನೋಡಿಕೊಳ್ಳುವವರ ಜೊತೆ ರೈಲು ಹತ್ತಿಸಿದರು. ಸುರಕ್ಷಿತ ದೇಶಕ್ಕೆ ಅಂತ ಹೇಳಿ ಕಳಿಸಿದ್ದು ಆಶ್ವಿಟ್ಜ್‌ಗೆ. ತಾನಾಗಿ ಮುಂದೆ ಬಂದು ಆ ಮಕ್ಕಳ ಜೊತೆ ಹೋದವರಲ್ಲಿ ಒಬ್ಬಳು ಒಟ್ಲಾ, ನಾವೆಲ್ಲ ಓದುವ ಫ್ರಾಂಜ್ ಕಾಫ್ಕಾನ ಮೆಚ್ಚಿನ ತಂಗಿ. ಯಾರೂ ವಾಪಸು ಬರಲಿಲ್ಲ.

ಬ್ರುಂಡಿಬಾರ್ ಟೆರೆಜಿನ್ನಿನಲ್ಲಿ 55 ಸಲ ನಡೆಯಿತು. ಟಿಕೆಟ್‌ಗೆ ನೂಕುನುಗ್ಗಲು. ನಡುನಡುವೆ ರೈಲುಗಳು ಹೋಗುತ್ತಲೇ ಇದ್ದವು. ಇವತ್ತು ಹಾಡಿದ ಮಗುವಿನ ಹೆಸರು ನಾಳೆಯ ಪಟ್ಟಿಯಲ್ಲಿ. ಆ ಜಾಗಕ್ಕೆ ಇನ್ನೊಂದು ಮಗುವನ್ನು ತಂದು, ಹಾಡು ಕಲಿಸಿ, ಸಾಲಿನಲ್ಲಿ ನಿಲ್ಲಿಸಬೇಕು. ಹಾಡು ಕಲಿಯುವ ಆ ಹೊಸ ಮಗುವಿಗೆ ಜಾಗ ಹೇಗೆ ಖಾಲಿಯಾಯಿತು ಅಂತ ಗೊತ್ತಿರುತ್ತಿತ್ತಲ್ಲ... ನಾನು ಇಲ್ಲಿ ಸ್ವಲ್ಪ ಹೊತ್ತು ಓದುವುದನ್ನು ನಿಲ್ಲಿಸಿದ್ದೆ.

ಈಗ ಮೋಸದ ಭಾಗ. 1943ರ ಅಕ್ಟೋಬರ್‌ನಲ್ಲಿ ಡೆನ್ಮಾರ್ಕಿನಿಂದ ಸುಮಾರು 470 ಯಹೂದಿಗಳನ್ನು ಟೆರೆಜಿನ್ನಿಗೆ ತಂದರು. ನಮ್ಮ ಜನ ಹೇಗಿದ್ದಾರೆ ತೋರಿಸಿ ಅಂತ ಡೆನ್ಮಾರ್ಕ್ ಪಟ್ಟು ಹಿಡಿಯಿತು. ನಾಜಿಗಳು ಒಪ್ಪಿದರು, ಆದರೆ ತಯಾರಿಗೆ ತಿಂಗಳುಗಟ್ಟಲೆ ತೆಗೆದುಕೊಂಡರು. ಮನೆಗಳಿಗೆ ಬಣ್ಣ, ಚೌಕದಲ್ಲಿ ಹೂಗಿಡ, ವಾದ್ಯಮೇಳಕ್ಕೆ ಮಂಟಪ, ಮಕ್ಕಳಿಗೆ ಆಟದ ಅಂಗಳ, ಹೆಸರಿಗೊಂದು ಬ್ಯಾಂಕು. ಊರು ತುಂಬಿ ತುಳುಕುತ್ತಿದೆ ಅಂತ ಕಾಣಬಾರದು ನೋಡಿ, ಅದಕ್ಕಾಗಿ 1944ರ ಮೇ ತಿಂಗಳಲ್ಲಿ ಮೂರು ದಿನದಲ್ಲಿ 7,503 ಜನರನ್ನು ಆಶ್ವಿಟ್ಜ್‌ಗೆ ಕಳಿಸಿದರು. ಜೂನ್ 23ರಂದು ಅಂತರರಾಷ್ಟ್ರೀಯ ರೆಡ್‌ಕ್ರಾಸ್‌ನ ಮೌರಿಸ್ ರೊಸೆಲ್ ಮತ್ತು ಇಬ್ಬರು ಡೆನ್ಮಾರ್ಕಿನ ಅಧಿಕಾರಿಗಳು ಬಂದರು. ಬಂದವರಿಗೆ ತೋರಿಸಿದ್ದರಲ್ಲಿ ಬ್ರುಂಡಿಬಾರ್ ಕೂಡ ಒಂದು! ರೊಸೆಲ್ ಹೋಗಿ, ಅಲ್ಲಿ ಎಲ್ಲ ಚೆನ್ನಾಗಿದೆ ಎಂಬರ್ಥದ ವರದಿ ಬರೆದ. 1979ರಲ್ಲಿ ಕ್ಲಾಡ್ ಲಾನ್ಸ್‌ಮನ್ ಅವನನ್ನು ಕ್ಯಾಮೆರಾ ಮುಂದೆ ಕೂರಿಸಿ ಕೇಳಿದಾಗ, ಈಗಲೂ ಆ ವರದಿಗೆ ಸಹಿ ಹಾಕುತ್ತೇನೆ ಅಂದ. ಆ ಸಂದರ್ಶನ 1997ರಲ್ಲಿ ಸಿನಿಮಾ ಆಗಿ ಹೊರಬಂತು. ನೋಡುವಾಗ ಸಿಟ್ಟಿಗಿಂತ ಹೆಚ್ಚಾಗಿ ಭಯವಾಗುತ್ತದೆ.

ನಾಟಕ ಅಷ್ಟು ಚೆನ್ನಾಗಿ ನಡೆದದ್ದಕ್ಕೆ ಆ ಮೇಲೆ ಸಿನಿಮಾವನ್ನೇ ತೆಗೆಸಿದರು. ನಿರ್ದೇಶಕ ಕುರ್ಟ್ ಗೆರೋನ್, ಬರ್ಲಿನ್ನಿನ ಹೆಸರಾಂತ ನಟ, ಈಗ ಕೈದಿ. ನಾನು ಮೊದಲಲ್ಲಿ ಹೇಳಿದ ತುಣುಕು ಆ ಸಿನಿಮಾದ್ದು. ಅಂದರೆ ಆ ಮಕ್ಕಳು ಹಾಡುತ್ತಿರುವುದನ್ನು ಇವತ್ತು ನಾವು ನೋಡಲು ಆಗುತ್ತಿರುವುದೇ ಕೊಂದವರ ಕ್ಯಾಮೆರಾದಿಂದ. ದೌರ್ಜನ್ಯ ಮಾಡುವವನನ್ನು ಓಡಿಸುವ ಹಾಡು, ದೌರ್ಜನ್ಯ ಮಾಡುವವನ ಜಾಹೀರಾತು. ಎರಡೂ ಒಂದೇ ಹಾಡು.

ಅಮೆರಿಕದ ಆ ಚಿಟ್ಟೆಯ ನಾಟಕದ ಬಗ್ಗೆ ನನಗಾದ ಇರುಸುಮುರುಸು ಏನು ಅಂತ ಇಲ್ಲಿಗೆ ಬಂದ ಮೇಲೆ ಸ್ಪಷ್ಟವಾಯಿತು. ನಮ್ಮ ಹದಿಹರೆಯದ ಮಕ್ಕಳಿಗೆ ಕಲೆ ಮತ್ತು ಭರವಸೆಯ ಕಥೆ ಹೇಳುವಾಗ ಈ ಎರಡನೇ ಅರ್ಧವನ್ನು ಬಿಟ್ಟುಬಿಡುತ್ತೇವೆ. ಎಷ್ಟೋ ಸಣ್ಣ ವಿಷಯಗಳೂ ಹಾಗೆಯೇ ಮೃದುವಾಗುತ್ತವೆ. ನಾಟಕಕ್ಕೆ ಹೆಸರು ಕೊಟ್ಟ ಆ ಚಿಟ್ಟೆಯ ಕವಿತೆ ಮಗು ಬರೆದದ್ದು ಅಂತಲೇ ಬಹಳ ಜನ ತಿಳಿದಿದ್ದಾರೆ. ಬರೆದ ಪಾವೆಲ್ ಫ್ರೀಡ್‌ಮನ್‌ಗೆ 1942ರ ಜೂನ್‌ನಲ್ಲಿ, ಅದನ್ನು ಬರೆದಾಗ, 21 ವರ್ಷ. ಇಪ್ಪತ್ತೊಂದರ ಹುಡುಗ ಬರೆದ ಅಂದರೆ ದುಃಖ ಕಡಿಮೆ ಆಗುತ್ತದೆಯೇ? 1944ರಲ್ಲಿ ಆಶ್ವಿಟ್ಜ್‌ನಲ್ಲಿ ಅವನೂ ಸತ್ತ.

ಆದರೆ ಚಿತ್ರ ಬರೆಸಿದ ಟೀಚರ್ ಕಲ್ಪನೆಯಲ್ಲ, ಅದರ ಹಿಂದೆ ಒಬ್ಬ ದೊಡ್ಡ ಹೆಂಗಸು ಇದ್ದಾಳೆ. ಫ್ರೀಡಲ್ ಡಿಕರ್-ಬ್ರಾಂಡೈಸ್, 1898ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಕಲಿತ ಕಲಾವಿದೆ. 1942ರ ಡಿಸೆಂಬರ್‌ನಲ್ಲಿ ಟೆರೆಜಿನ್ನಿಗೆ ಬರುವಾಗ ತನಗೆ ಒಯ್ಯಲು ಬಿಟ್ಟಿದ್ದ ಸಾಮಾನಿನಲ್ಲಿ ಬಣ್ಣ ಕಾಗದಗಳನ್ನು ತುಂಬಿಕೊಂಡು ಬಂದಳು. ಎಲ್-410 ಎಂಬ ಹೆಣ್ಣುಮಕ್ಕಳ ಮನೆಯಲ್ಲಿ ಪಾಠ. ಕಾಗದ ಮುಗಿದಾಗ ಕಚೇರಿಯ ಹಳೇ ಫಾರಂಗಳ ಹಿಂಬದಿ. ಕ್ಯಾಂಪಿನ ನೋವನ್ನು ಬರೆಯಿರಿ ಅಂತ ಅವಳು ಹೇಳಲಿಲ್ಲ. ಹಾಗಾಗಿ ಆ ಚಿತ್ರಗಳಲ್ಲಿ ಹೆಚ್ಚಿನವು ಮನೆ, ತೋಟ, ಊಟದ ಮೇಜು, ಹೂವು. ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು, ಪ್ರತಿ ಮಗುವೂ ಚಿತ್ರದ ಮೇಲೆ ತನ್ನ ಹೆಸರು ಬರೆಯಲೇಬೇಕು. ಸಾಗಣೆಯ ಪಟ್ಟಿಯಲ್ಲಿ ನಂಬರ್ ಆಗಿದ್ದವರಿಗೆ! 1944ರ ಸೆಪ್ಟೆಂಬರ್ ಕೊನೆಯಲ್ಲಿ ಗಂಡ ಪಾವೆಲ್‌ನನ್ನು ಸಾಗಿಸಿದಾಗ ತಾನಾಗಿ ಹೆಸರು ಕೊಟ್ಟು ಅಕ್ಟೋಬರ್ 6ರ ರೈಲು ಹತ್ತಿದಳು. ಹೋಗುವ ಮುಂಚೆ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸಿನಲ್ಲಿ ತುಂಬಿ ಅಡಗಿಸಿಟ್ಟಿದ್ದಳು. ಅಕ್ಟೋಬರ್ 9ರಂದು ಅವಳನ್ನು ಕೊಂದರು. ಗಂಡ ಬದುಕಿದ. ಚಿತ್ರಗಳು ಈಗ ಪ್ರಾಗ್‌ನ ಯಹೂದಿ ಮ್ಯೂಸಿಯಂನಲ್ಲಿವೆ.

ಹುಡುಗರ ಮನೆಯಲ್ಲಿ 'ವೆದೆಮ್' ಅಂತ ಕೈಬರಹದ ಪತ್ರಿಕೆ ಬರುತ್ತಿತ್ತು, ಸಂಪಾದಕ ಪೆಟರ್ ಗಿಂಜ್ ಎಂಬ ಹದಿನಾಲ್ಕು ವರ್ಷದವ. ಒಂದೇ ಪ್ರತಿ, ಶುಕ್ರವಾರ ಎಲ್ಲರಿಗೂ ಓದಿ ಹೇಳುವುದು. ಚಂದ್ರನ ಮೇಲಿಂದ ಭೂಮಿ ಹೇಗೆ ಕಾಣಬಹುದು ಅಂತ ಅವನು ಬರೆದ ಚಿತ್ರದ ಪ್ರತಿಯನ್ನು ಇಸ್ರೇಲಿನ ಇಲಾನ್ ರಾಮನ್ 2003ರಲ್ಲಿ ಅಂತರಿಕ್ಷಕ್ಕೆ ಒಯ್ದರು. ಯಾವ ನೌಕೆ ಗೊತ್ತೇ? ನಮ್ಮ ಕಲ್ಪನಾ ಚಾವ್ಲಾ ಇದ್ದ ಅದೇ ಕೊಲಂಬಿಯಾ.

ಭಾರತದ ನಂಟು ಇನ್ನೊಂದಿದೆ, ಇದಕ್ಕಿಂತ ಆಳವಾದದ್ದು. ಟೆರೆಜಿನ್ನಿನಲ್ಲಲ್ಲ, ವಾರ್ಸಾದಲ್ಲಿ. ಬ್ರುಂಡಿಬಾರ್‌ಗೆ ಒಂದು ವರ್ಷ ಮುಂಚೆ, 1942ರ ಜುಲೈ 18ರಂದು, ಅಲ್ಲಿನ ಗೆಟ್ಟೋದೊಳಗೆ ಡಾಕ್ಟರ್ ಯಾನುಷ್ ಕೊರ್ಚಾಕ್‌ರ ಅನಾಥಾಲಯದ ಮಕ್ಕಳು ಠಾಕೂರರ 'ಡಾಕ್‌ಘರ್' ಆಡಿದರು. ವೈದ್ಯರ ಮಾತಿನಂತೆ ಕೋಣೆಯಲ್ಲಿ ಬಂದಿಯಾದ ಅಮಲ್, ಕಿಟಕಿಯಾಚೆ ಹೋಗುವ ಮೊಸರಿನವನು, ಬರಬೇಕಾದ ರಾಜನ ಕಾಗದ. ಗೆಟ್ಟೋದ ಮಗುವಿಗೆ ಅಮಲ್ ಯಾರು ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ನಾಟಕವೇ ಯಾಕೆ ಅಂತ ಕೇಳಿದ್ದಕ್ಕೆ, ಮಕ್ಕಳು ಸಾವನ್ನು ಸಮಾಧಾನದಿಂದ ಬರಮಾಡಿಕೊಳ್ಳಲು ಕಲಿಯಬೇಕು ಎಂಬ ಅರ್ಥದ ಮಾತನ್ನು ಕೊರ್ಚಾಕ್ ಹೇಳಿದ್ದರಂತೆ. ನಾಲ್ಕು ದಿನಕ್ಕೆ ವಾರ್ಸಾದಿಂದ ಸಾಗಣೆ ಶುರುವಾಯಿತು. ಆಗಸ್ಟ್ ಮೊದಲ ವಾರ ಸುಮಾರು 200 ಮಕ್ಕಳ ಜೊತೆ ಕೊರ್ಚಾಕ್ ಟ್ರೆಬ್ಲಿಂಕಾಗೆ ಹೋದರು.

ಎರಡು ನಾಟಕಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಒಂದು ಕಡೆ ಹೋಗುವುದಕ್ಕೆ ಸಿದ್ಧ ಮಾಡುವ ನಾಟಕ, ಇನ್ನೊಂದು ಕಡೆ ಗೆಲ್ಲುತ್ತೇವೆ ಅನ್ನುವ ನಾಟಕ. ಯಾವುದು ಹೆಚ್ಚು ಪ್ರಾಮಾಣಿಕ ಅಂತ ಒಂದು ಕಾಲಕ್ಕೆ ಕೇಳಿದ್ದರೆ ಡಾಕ್‌ಘರ್ ಅಂದುಬಿಡುತ್ತಿದ್ದೆ. ಈಗ ಅಷ್ಟು ಧೈರ್ಯವಿಲ್ಲ. ಮಕ್ಕಳನ್ನು ಕೇಳಿದ್ದರೆ ಅವರು ಬೆಕ್ಕು ನಾಯಿ ಗುಬ್ಬಿಯನ್ನೇ ಆರಿಸುತ್ತಿದ್ದರೋ ಏನೋ.

1944ರ ಸೆಪ್ಟೆಂಬರ್ 28ರಿಂದ ಅಕ್ಟೋಬರ್ 28ರವರೆಗೆ, ಒಂದೇ ತಿಂಗಳಲ್ಲಿ, ಟೆರೆಜಿನ್ನಿನಿಂದ 11 ರೈಲುಗಳಲ್ಲಿ 18,000ಕ್ಕೂ ಹೆಚ್ಚು ಜನರನ್ನು ಆಶ್ವಿಟ್ಜ್‌ಗೆ ಕಳಿಸಿದರು. ಕ್ರಾಸಾ ಹೋದರು, ಜೆಲೆಂಕಾ ಹೋದರು, ಪೆಟರ್ ಗಿಂಜ್ ಹೋದ. ಸಿನಿಮಾ ಮುಗಿಸಿಕೊಟ್ಟ ಗೆರೋನ್ ಕೊನೆಯ ರೈಲಿನಲ್ಲಿ. ಮೀಸೆ ಕುಣಿಸುತ್ತಿದ್ದ ಹೊಂಜಾ ಕೂಡ ವಾಪಸು ಬರಲಿಲ್ಲ. ಬ್ರುಂಡಿಬಾರ್ ಅದರೊಂದಿಗೆ ನಿಂತುಹೋಯಿತು, ಆಡಲು ಮಕ್ಕಳಿರಲಿಲ್ಲ.

ಫ್ರಾಯ್ಡೆನ್‌ಫೆಲ್ಡ್ ಬದುಕಿದ. ಅನಿಂಕಾ ಆಗಿದ್ದ ಗ್ರೇಟಾ ಬದುಕಿದಳು. ಬೆಕ್ಕಾಗಿದ್ದ ಎಲಾ ಬದುಕಿದಳು. ಈಗ ಬೇರೆ ಬೇರೆ ದೇಶಗಳಲ್ಲಿ ಮಕ್ಕಳು ಬ್ರುಂಡಿಬಾರ್ ಆಡುತ್ತಾರೆ. 2018ರಲ್ಲಿ ತೀರಿಕೊಳ್ಳುವವರೆಗೂ ಎಲಾ ಅಂಥ ಎಷ್ಟೋ ಪ್ರದರ್ಶನಗಳಿಗೆ ಹೋಗುತ್ತಿದ್ದರು. ಸಭೆಯಲ್ಲಿ ಕೂತು ನೋಡಿ, ಕೊನೆಯ ಹಾಡಿನ ಹೊತ್ತಿಗೆ ಎದ್ದು ವೇದಿಕೆ ಹತ್ತಿ, ಮಕ್ಕಳ ಸಾಲಿನಲ್ಲಿ ನಿಂತು, ಅವರ ಜೊತೆ ಹಾಡುತ್ತಿದ್ದರು.